ನಗರದ ಚುನಾವಣೆಯೂ ಸ್ತ್ರೀಯರ ಶಿಫಾರಸೂ

ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ ನಗರದ ಸ್ಥಳೀಯ ಚುನಾವಣೆಯಲ್ಲಿ ಮತದಾರನ ಕೈಗೆ ಬರುವ ಮತಪತ್ರವು, ಒಂದು ವಾರ್ಡಿಗೆ ಒಬ್ಬ ಸದಸ್ಯನನ್ನು ಆರಿಸಿ ಮನೆಗೆ ಹಿಂದಿರುಗುವ ನಮ್ಮ ಊರುಗಳ ಪದ್ಧತಿಗೆ ಒಗ್ಗಿಕೊಂಡವರನ್ನು ಸ್ವಲ್ಪ ದಿಗ್ಭ್ರಮೆಗೊಳಿಸುವಂಥದು. ಮೇಯರ್ ಯಾರಾಗಬೇಕೆಂಬುದರಿಂದ ತೊಡಗಿ, ಹದಿಮೂರು ಮಂದಿಯ ಕೌನ್ಸಿಲಿಗೆ ಅಧ್ಯಕ್ಷರು ಯಾರು, ಇಡೀ ನಗರದ ಪರವಾಗಿ ಅಲ್ಲಿ ಕೂರತಕ್ಕವರು ಯಾರು, ಎಂಟು ವಾರ್ಡುಗಳಲ್ಲಿ ತನ್ನ ವಾರ್ಡಿಗೆ ಪ್ರತಿನಿಧಿ ಯಾರು, ನಗರದ ಅಟಾರ್ನಿ ಜನರಲ್ ಯಾರು, ಶಿಕ್ಷಣ ಮಂಡಲಿಗೆ ಯಾರು ಎಂಬ ಪ್ರಶ್ನೆಗಳು, ಎಲ್ಲವೂ ಒಂದೇ ವರ್ಷವಲ್ಲದಿದ್ದರೂ, ಹಲವು ಹಲವಾಗಿ ಒಟ್ಟಿಗೇ ಎದುರಾಗುತ್ತವೆ. ಇವುಗಳ ಜೊತೆಗೆ, ಸುಮಾರು ಎರಡು ಸಾವಿರ ನಿವಾಸಿಗಳಿಗೆ ಒಬ್ಬರಂತೆ ಆಯ್ಕೆಯಾಗುವ, ಸಂಬಳವಿಲ್ಲದೆ ದುಡಿಯುವ ಬಡಾವಣೆಯ ಕಮಿಷನರ ಸ್ಥಾನವೂ ಇರುತ್ತದೆ. ಜನರೇ ಹೌದು ಅಥವಾ ಅಲ್ಲವೆಂದು ತೀರ್ಮಾನಿಸಬೇಕಾದ ಶಾಸನದ ಪ್ರಸ್ತಾವವೊಂದು ಸೇರಿಕೊಂಡಿರುವುದೂ ಉಂಟು. ಮೇಯರ್ ಪದವಿಗೆ ನಿಂತವರನ್ನು ಕುರಿತು ಪತ್ರಿಕೆಗಳು ಬರೆಯುತ್ತವೆ, ಟೀವಿ ಮಾತಾಡುತ್ತದೆ. ಆದರೆ ಶಿಕ್ಷಣ ಮಂಡಲಿಗೆ ನಿಂತವರಲ್ಲಿ ಯಾರು ಹಿಂದೆ ಏನು ಮಾಡಿದ್ದಾರೆಂಬುದನ್ನು, ಹಗಲೆಲ್ಲ ಕಛೇರಿಯಲ್ಲಿಯೂ ಸಂಜೆಯೆಲ್ಲ ಅಡುಗೆಮನೆಯಲ್ಲಿಯೂ ದುಡಿದ ಹೆಣ್ಣುಮಗಳಿಗೆ ತಿಳಿಸಿಹೇಳುವವರು ಯಾರು?

ಈ ಕೊರತೆಯನ್ನು ತುಂಬಲೆಂದು ಅಮೆರಿಕದ ನಗರಗಳಲ್ಲಿ ಬೆಳೆದುಬಂದಿರುವ ಸಂಪ್ರದಾಯವೇ ಮತದಾನದ ಶಿಫಾರಸು. ಕಾರ್ಮಿಕ ಸಂಘಗಳು, ವರ್ತಕರ ಮಂಡಲಿಗಳು, ಪತ್ರಿಕೆಗಳು, ಪರಿಸರವಾದಿಗಳು, ಸ್ತ್ರೀವಾದಿ ಸಂಘಟನೆಗಳು ತಂತಮ್ಮ ದೃಷ್ಟಿಯಿಂದ ಅಭ್ಯರ್ಥಿಗಳನ್ನು ಪರಿಶೀಲಿಸಿ, ಇಂಥ ಸ್ಥಾನಕ್ಕೆ ಇಂಥವರು ಲೇಸೆಂದು ಚುನಾವಣೆಗೆ ಕೆಲವು ವಾರ ಮುಂಚೆ ಪ್ರಕಟಿಸುತ್ತವೆ. ಇವುಗಳ ಪೈಕಿ ಸ್ತ್ರೀಸಂಘಟನೆಗಳ ಶಿಫಾರಸಿಗೆ ಪ್ರತ್ಯೇಕವಾದ ಒಂದು ಇತಿಹಾಸವಿದೆ. ವಾಷಿಂಗ್ಟನ್ನಿನಿಂದ ಕೆರೊಲಿನಾಗಳ ಮೂಲಕ ಅಟ್ಲಾಂಟಾದವರೆಗಿನ ಪ್ರದೇಶದಲ್ಲಿ ಈಗ ಸಾವಿರಾರು ಕನ್ನಡ ಕುಟುಂಬಗಳು ನೆಲಸಿ, ಅವರಲ್ಲಿ ಅನೇಕರು ಅಲ್ಲಿಯ ಪೌರರೂ ಮತದಾರರೂ ಆಗಿರುವುದರಿಂದ, ಆ ಇತಿಹಾಸ ನಮಗೆ ಹೊರಗಿನವರ ಕಥೆಯಾಗಿ ಉಳಿದಿಲ್ಲ.

ಸ್ತ್ರೀವಾದಿಗಳ ಪಟ್ಟಿಯೆಂದೊಡನೆ, ಹೆಣ್ಣು ನಿಂತಲ್ಲಿ ಹೆಣ್ಣಿಗೆ ಮತ ನೀಡಿರೆಂದು ಹೇಳುವ ಪಟ್ಟಿಯೆಂದು ಭಾವಿಸುವವರು ಬಹಳ. ವಾಷಿಂಗ್ಟನ್ನಿನ ಈಚಿನ ಒಂದು ಪ್ರಸಂಗವನ್ನು ನೋಡಿದರೆ ಈ ಭಾವನೆ ನಿಲ್ಲುವುದಿಲ್ಲ. ಹೆರಿಗೆಯಾದ ತಾಯಿಗೂ, ಮಗುವಿನ ತಂದೆಗೂ, ಕಾಯಿಲೆಬಿದ್ದ ತಂದೆತಾಯಿಗಳನ್ನು ನೋಡಿಕೊಳ್ಳಬೇಕಾದ ಮಕ್ಕಳಿಗೂ ವೇತನಸಹಿತವಾದ ರಜೆ ದೊರೆಯಬೇಕೆಂಬ ಮಸೂದೆಯೊಂದು 2015ರಲ್ಲಿ ಅಲ್ಲಿಯ ಕೌನ್ಸಿಲಿನ ಮುಂದೆ ಬಂತು. ಅದನ್ನು ಮಂಡಿಸಿದವರು ಡೇವಿಡ್ ಗ್ರೋಸೊ ಎಂಬ ಪುರುಷ ಸದಸ್ಯರು ಮತ್ತು ಎಲಿಸಾ ಸಿಲ್ವರ್‌ಮನ್ ಎಂಬ ಸ್ತ್ರೀ ಸದಸ್ಯರು. ರಜೆಯ ವೇತನವನ್ನು ಉದ್ಯೋಗದಾತರು ತೆರುವ ಒಂದು ಸಣ್ಣ ತೆರಿಗೆಯಿಂದ ಭರಿಸಬೇಕೆಂಬ ಏರ್ಪಾಟಿಗೆ ವರ್ತಕರು ವಿರೋಧವೊಡ್ಡಿದರು. ವಾದವಿವಾದಗಳು ವರ್ಷಕ್ಕೂ ಮೀರಿ ನಡೆದವು. ಕಡೆಗೆ 2016ರ ಡಿಸೆಂಬರಿನಲ್ಲಿ ಒಂಬತ್ತು ಮತಗಳು ಪರವಾಗಿಯೂ ನಾಲ್ಕು ವಿರುದ್ಧವಾಗಿಯೂ ಬಿದ್ದು ಮಸೂದೆ ಗೆದ್ದಿತು. ಆಗಿನ ಮೇಯರ್ ಮ್ಯೂರಿಯಲ್ ಬೌಸರ್ ಸ್ವತಃ ಸ್ತ್ರೀ. ಆದರೂ ಹಣ ಹೊಂದಿಸುವ ಆ ವಿಧಾನವನ್ನು ಒಪ್ಪದೆ ಮಸೂದೆಗೆ ಸಹಿಹಾಕಲಿಲ್ಲ. ಅವರ ಸಹಿಯಿಲ್ಲದೆಯೇ ಅದು ಶಾಸನವಾಗಿ, 2020ರ ಜುಲೈಯಿಂದ ಜನರ ಕೈಗೆ ಹಣ ಸೇರತೊಡಗಿತು.

ಮುಂದಿನ ಚುನಾವಣೆಯಲ್ಲಿ ಒಂದು ಸ್ತ್ರೀಸಂಘಟನೆ ತನ್ನ ಸದಸ್ಯರಿಗೆ ಏನೆಂದು ಹೇಳಬೇಕು? ಪರವಾಗಿ ಕೈಯೆತ್ತಿದ ಒಂಬತ್ತು ಮಂದಿಯ ಹೆಸರನ್ನು ಜ್ಞಾಪಕದಲ್ಲಿಡಬೇಕೆ, ಅಭ್ಯರ್ಥಿ ಹೆಣ್ಣೋ ಗಂಡೋ ಎಂದು ನೋಡಬೇಕೆ? ನಗರಗಳ ಚುನಾವಣೆಯಲ್ಲಿ ಸ್ತ್ರೀವಾದಿ ಸಂಘಟನೆಗಳು ಪ್ರಶ್ನಾವಳಿಗಳನ್ನು ಕಳುಹಿಸಿ, ಹಳೆಯ ಮತಗಳ ದಾಖಲೆಯನ್ನು ತೆಗೆದುನೋಡಿ, ಅಭ್ಯರ್ಥಿಗಳನ್ನು ಕರೆದು ಕೂರಿಸಿಕೊಂಡು ವಿಚಾರಿಸುವುದು ಈ ಕಾರಣಕ್ಕಾಗಿ. ಶಿಶುವಿಹಾರದಲ್ಲಿ ದುಡಿಯುವ ಶಿಕ್ಷಕಿಗೆ ಎಷ್ಟು ಸಂಬಳ, ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ಹೊರಡುವ ನರ್ಸಿಗೆ ಬಸ್ಸು ಎಷ್ಟು ಹೊತ್ತಿನವರೆಗೆ ಸಿಕ್ಕುತ್ತದೆ, ಗಂಡನ ಹೊಡೆತ ತಾಳಲಾರದೆ ಮಕ್ಕಳೊಂದಿಗೆ ಹೊರಬಂದವಳಿಗೆ ಆ ರಾತ್ರಿ ತಂಗಲು ಎಡೆ ಎಲ್ಲಿ, ದೂರು ಕೊಡಲು ಬಂದ ಹೆಣ್ಣಿನೊಡನೆ ಪೊಲೀಸರು ಹೇಗೆ ಮಾತನಾಡಬೇಕು ಎಂಬಂಥ ಸಂಗತಿಗಳು ರಾಷ್ಟ್ರಾಧ್ಯಕ್ಷರ ಚುನಾವಣೆಯಲ್ಲಿ ನಿರ್ಧಾರವಾಗುವುದು ಅಪೂರ್ವ. ಬಹುಮಟ್ಟಿಗೆ ಅವು ಆಯವ್ಯಯವನ್ನು ಹಿಡಿದು ಕುಳಿತ ನಗರದ ಹದಿನೈದಿಪ್ಪತ್ತು ಮಂದಿಯಿಂದ ನಿರ್ಧಾರವಾಗುತ್ತವೆ. ಅಟ್ಲಾಂಟಾ ನಗರಕ್ಕೆ 2001ರಲ್ಲಿ ಮೊತ್ತಮೊದಲ ಸ್ತ್ರೀ ಮೇಯರಾಗಿ ಆಯ್ಕೆಯಾದ ಶರ್ಲಿ ಫ್ರ್ಯಾಂಕ್ಲಿನ್ ಅವರು ತಮ್ಮ ಅಧಿಕಾರಾವಧಿಯ ಬಹುಭಾಗವನ್ನು ಹಳೆಯ ಒಳಚರಂಡಿಗಳನ್ನು ಸರಿಪಡಿಸುವ, ಕೋಟ್ಯಂತರ ಡಾಲರುಗಳ ಕಾರ್ಯಕ್ಕೆ ಮುಡಿಪಾಗಿಟ್ಟು, ಚರಂಡಿಯ ಮೇಯರೆಂಬ ಹೆಸರನ್ನು ಅಭಿಮಾನದಿಂದಲೇ ಧರಿಸಿದರು. ನಗರದ ರಾಜಕೀಯವೆಂದರೆ ಇದೇ. ನೀರು, ಕೊಳೆ, ಬೆಳಕು, ದಾರಿ, ಶಾಲೆ.

ಹೀಗೆ ಶಿಫಾರಸು ಮಾಡುವ ಸ್ಥಿತಿಗೆ ಸ್ತ್ರೀಯರು ಬಂದುದು ಸುಲಭವಾಗಿ ಅಲ್ಲ. ವಾಷಿಂಗ್ಟನ್ನಿನ ಕಥೆಯಂತೂ ವಿಚಿತ್ರ. 1871ರಲ್ಲಿ ಹಲವು ಹತ್ತು ಸ್ತ್ರೀಯರು, ಅವರಲ್ಲಿ ಪತ್ರಿಕಾಸಂಪಾದಕಿಯೂ ಶಿಕ್ಷಕಿಯೂ ಆಗಿದ್ದ ಮೇರಿ ಆ್ಯನ್ ಶ್ಯಾಡ್ ಕೇರಿಯವರೂ ಇದ್ದರು, ನೋಂದಣಿಯ ಕಛೇರಿಗೆ ಹೋಗಿ ತಮ್ಮ ಹೆಸರನ್ನೂ ಮತದಾರರ ಪಟ್ಟಿಗೆ ಸೇರಿಸಬೇಕೆಂದು ಕೇಳಿದರು, ಅಧಿಕಾರಿಗಳು ಒಲ್ಲೆವೆಂದರು, ನ್ಯಾಯಾಲಯವೂ ಅಧಿಕಾರಿಗಳ ಮಾತನ್ನೇ ಎತ್ತಿಹಿಡಿಯಿತು. ಮೂರು ವರ್ಷ ಕಳೆಯುವಷ್ಟರಲ್ಲಿ, 1874ರಲ್ಲಿ, ದೇಶದ ಶಾಸನಸಭೆಯಾದ ಕಾಂಗ್ರೆಸ್ಸು ಆ ನಗರದ ಚುನಾಯಿತ ಆಡಳಿತವನ್ನೇ ತೆಗೆದುಹಾಕಿ ನೇಮಕಗೊಂಡ ಕಮಿಷನರರ ಕೈಗೆ ಒಪ್ಪಿಸಿತು. ಗಂಡಸರಿಗಿದ್ದ ಮತವೂ ಹೋಯಿತು. ತರುವಾಯ 1913ರಲ್ಲಿ ಅದೇ ನಗರದ ರಾಜಮಾರ್ಗದಲ್ಲಿ ಸಹಸ್ರಾರು ಸ್ತ್ರೀಯರು ಮತಾಧಿಕಾರಕ್ಕಾಗಿ ಮೆರವಣಿಗೆ ನಡೆಸಿದರು. 1917ರಲ್ಲಿ ಅದೇ ಬೇಡಿಕೆಯೊಂದಿಗೆ ಶ್ವೇತಭವನದ ಬಾಗಿಲಲ್ಲಿ ನಿಂತವರನ್ನು ಹಿಡಿದು ವರ್ಜೀನಿಯಾದ ಆಕೊಕ್ವಾನಿನ ಬಂದೀಖಾನೆಗೆ ತಳ್ಳಿದರು. 1920ರಲ್ಲಿ ಸಂವಿಧಾನದ ಹತ್ತೊಂಬತ್ತನೆಯ ತಿದ್ದುಪಡಿಯಿಂದ ದೇಶದ ಸ್ತ್ರೀಯರಿಗೆ ಮತ ದೊರೆಯಿತು. ಆದರೆ ಇಷ್ಟೆಲ್ಲಕ್ಕೂ ರಂಗಸ್ಥಳವಾಗಿದ್ದ ವಾಷಿಂಗ್ಟನ್ನಿನ ಹೆಂಗಸರಿಗೆ ಅದರಿಂದ ಬಂದುದು ಏನೂ ಇಲ್ಲ, ಏಕೆಂದರೆ ಆ ನಗರದಲ್ಲಿ ಮತ ಹಾಕಲು ಚುನಾವಣೆಯೇ ಇರಲಿಲ್ಲ. ಅಲ್ಲಿಯ ಸ್ತ್ರೀಮತದಾರರ ಸಂಘವಾದ ಲೀಗ್ ಆಫ್ ವಿಮೆನ್ ವೋಟರ್ಸ್ ತನ್ನ ಹೆಸರಿನಲ್ಲಿಯೇ ‘ಮತವಿಲ್ಲದ’ ಎಂಬ ವಿಶೇಷಣವನ್ನು ಸೇರಿಸಿಕೊಂಡು ಕೆಲಸ ಮಾಡಿದ ಕಾಲವೂ ಉಂಟು.

ರಾಷ್ಟ್ರಾಧ್ಯಕ್ಷರಿಗೆ ಮತ ಹಾಕುವ ಅಧಿಕಾರ ಆ ನಗರಕ್ಕೆ ಬಂದುದು 1961ರ ತಿದ್ದುಪಡಿಯಿಂದ. ಶಿಕ್ಷಣ ಮಂಡಲಿಯನ್ನು ಆರಿಸುವ ಅಧಿಕಾರ ಬಂದುದು 1968ರಲ್ಲಿ. ಮೇಯರನ್ನೂ ಕೌನ್ಸಿಲನ್ನೂ ಆರಿಸುವ ಅಧಿಕಾರ, 1973ರ ಸ್ವಯಮಾಡಳಿತ ಶಾಸನದ ಫಲವಾಗಿ, 1974ರ ನವೆಂಬರಿನಲ್ಲಿ. ನಗರದ ಆಡಳಿತವನ್ನು ಆರಿಸುವ ಮತವಿಲ್ಲದೆ ಕಳೆದುಹೋದುದು ಸರಿಯಾಗಿ ಒಂದು ಶತಮಾನ. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ವರ್ಷಾನುವರ್ಷ ಚುನಾಯಿತ ಸದಸ್ಯರಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ನಡೆದ ಬೆಂಗಳೂರು ಪಾಲಿಕೆಯ ಸ್ಥಿತಿಯನ್ನು ಕಂಡ ನಮಗೆ, ಕಸದ ಲಾರಿ ಬಾರದಿದ್ದಾಗ ಯಾರ ಮನೆಯ ಬಾಗಿಲು ತಟ್ಟಬೇಕೆಂದು ತಿಳಿಯದ ಆ ಅಸಹಾಯಕತೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಅಟ್ಲಾಂಟಾದ ಇತಿಹಾಸ ಇನ್ನೊಂದು ಬಗೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ಬೋಧಪ್ರದವಾದುದು ಅದೇ. ಜಾರ್ಜಿಯಾ ರಾಜ್ಯ ಹತ್ತೊಂಬತ್ತನೆಯ ತಿದ್ದುಪಡಿಯನ್ನು 1919ರ ಜುಲೈಯಲ್ಲಿ ಎಲ್ಲರಿಗಿಂತ ಮುಂಚೆ ತಿರಸ್ಕರಿಸಿತು. ತಿದ್ದುಪಡಿ ಜಾರಿಗೆ ಬಂದ ಮೇಲೂ, ಆರು ತಿಂಗಳು ಮುಂಚಿತವಾಗಿ ನೋಂದಾಯಿಸಿಕೊಂಡಿರಬೇಕೆಂಬ ನಿಯಮವನ್ನು ಮುಂದೊಡ್ಡಿ 1920ರ ನವೆಂಬರಿನಲ್ಲಿ ಸ್ತ್ರೀಯರು ಮತ ಹಾಕದಂತೆ ತಡೆಯಿತು. ಆ ತಿದ್ದುಪಡಿಗೆ ಔಪಚಾರಿಕವಾದ ಅನುಮೋದನೆ ಇತ್ತುದು 1970ರಲ್ಲಿ. ಇಂಥ ರಾಜ್ಯದಲ್ಲಿ, ಆ ತಿರಸ್ಕಾರದ ವರ್ಷವಾದ 1919ರಲ್ಲಿಯೇ, ಅಟ್ಲಾಂಟಾ ನಗರದ ಡೆಮಾಕ್ರಟಿಕ್ ಪಕ್ಷದ ಸಮಿತಿ, ಪಕ್ಷದ ಅಭ್ಯರ್ಥಿಗಳನ್ನು ಆರಿಸುವ ನಗರದ ಪ್ರಾಥಮಿಕ ಚುನಾವಣೆಯಲ್ಲಿ ಸ್ತ್ರೀಯರು ಮತ ಹಾಕಬಹುದೆಂದು ನಿರ್ಣಯಿಸಿತು. ದೊಡ್ಡ ಬಾಗಿಲು ಮುಚ್ಚಿದ್ದಾಗ ಊರಿನ ಚಿಕ್ಕ ಬಾಗಿಲು ಮೊದಲು ತೆರೆಯಿತು. ಆದರೆ ಅದು ತೆರೆದುದು ಬಿಳಿಯ ಹೆಂಗಸರಿಗೆ ಮಾತ್ರ. ಆ ಪ್ರಾಥಮಿಕ ಚುನಾವಣೆ ಕರಿಯ ಜನರನ್ನು, ಗಂಡಸರನ್ನೂ ಹೆಂಗಸರನ್ನೂ, ಹೊರಗಿಟ್ಟೇ ನಡೆಯುತ್ತಿತ್ತು. ಜಾರ್ಜಿಯಾದಲ್ಲಿ ಆ ಪದ್ಧತಿಯನ್ನು ನ್ಯಾಯಾಲಯ ಮುರಿದುಹಾಕಿದುದು 1946ರಲ್ಲಿ.

ಬಾಗಿಲ ಹೊರಗೆ ನಿಂತ ಸ್ತ್ರೀಯರು ಮಾಡಿದ ಕೆಲಸ ಒಳಗಿನವರ ಕೆಲಸಕ್ಕಿಂತ ಹಿರಿದೆಂದು ಹೇಳಲು ನನಗೆ ಸಂಕೋಚವಿಲ್ಲ. ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರ ಪತ್ನಿಯಾಗಿ, ಅದಕ್ಕಿಂತ ಮಿಗಿಲಾಗಿ ತಮ್ಮದೇ ಆದ ಶಕ್ತಿಯಿಂದ ಪ್ರಸಿದ್ಧರಾದ ಲುಜೀನಿಯಾ ಬರ್ನ್ಸ್ ಹೋಪ್ ಅವರು 1908ರಲ್ಲಿ ನೇಬರ್‌ಹುಡ್ ಯೂನಿಯನ್ ಎಂಬ ಸಂಘವನ್ನು ಕಟ್ಟಿದರು. ಅಕ್ಕಪಕ್ಕದ ಮನೆಗಳವರಿಗೆ ಸುಳಿವೇ ಇಲ್ಲದಂತೆ ಆ ಕೇರಿಯಲ್ಲಿ ತರುಣಿಯೊಬ್ಬಳು ಒಬ್ಬಂಟಿಯಾಗಿ ಸತ್ತುದು ಅದಕ್ಕೆ ಪ್ರೇರಣೆಯಾಯಿತೆಂದು ಹೇಳುತ್ತಾರೆ. ಕೇರಿಗಳನ್ನು ವಿಭಾಗಗಳಾಗಿ ಹಂಚಿಕೊಂಡು ಆ ಸ್ತ್ರೀಯರು ಮನೆಮನೆಗೂ ಹೋದರು. ಯಾರ ಮನೆಯಲ್ಲಿ ಕಾಯಿಲೆ, ಯಾವ ಬೀದಿಯಲ್ಲಿ ದೀಪವಿಲ್ಲ, ಎಲ್ಲಿ ನೀರು ಕೆಟ್ಟಿದೆ ಎಂಬುದನ್ನು ಬರೆದುಕೊಂಡರು. 1913ರಲ್ಲಿ ಅವರು ಕರಿಯ ಮಕ್ಕಳ ಸರ್ಕಾರಿ ಶಾಲೆಗಳನ್ನೆಲ್ಲ ಹೊಕ್ಕು ಪರೀಕ್ಷಿಸಿದರು. ಒಂದೇ ಕೊಠಡಿಯಲ್ಲಿ ಬೆಳಗ್ಗೆ ಒಂದು ತಂಡ, ಮಧ್ಯಾಹ್ನ ಇನ್ನೊಂದು ತಂಡ. ಎರಡಕ್ಕೂ ದಣಿದ ಒಬ್ಬಳೇ ಶಿಕ್ಷಕಿ. ಗಾಳಿಬೆಳಕುಗಳಿಗೂ ಶೌಚಕ್ಕೂ ತಕ್ಕ ಏರ್ಪಾಟಿಲ್ಲ. ಇದೆಲ್ಲವನ್ನೂ ವರದಿಯಾಗಿ ಬರೆದು ನಗರದ ಅಧಿಕಾರಿಗಳ ಮುಂದಿಟ್ಟರು, ಪಾದ್ರಿಗಳ ಮುಂದಿಟ್ಟರು, ಪತ್ರಿಕೆಗಳ ಮುಂದಿಟ್ಟರು. ದೊರೆತ ಪರಿಹಾರ ಅತ್ಯಲ್ಪ.

ಆದರೆ ಬರೆದಿಟ್ಟ ಕಾಗದ ವ್ಯರ್ಥವಾಗಲಿಲ್ಲ. ಕರಿಯರಿಗೆ ಪ್ರಾಥಮಿಕ ಚುನಾವಣೆ ಮುಚ್ಚಿದ್ದರೂ, ನಗರವು ಸಾಲವೆತ್ತಲು ಜನರ ಒಪ್ಪಿಗೆ ಕೇಳುವ ವಿಶೇಷ ಮತದಾನ ಅವರಿಗೂ ತೆರೆದಿತ್ತು. 1919ರಲ್ಲಿ ಅಂಥ ಸಾಲದ ಪ್ರಸ್ತಾವ ಬಂದಾಗ, ತಮ್ಮ ಮಕ್ಕಳ ಶಾಲೆಗೆ ಪಾಲಿಲ್ಲದ ಸಾಲಕ್ಕೆ ತಮ್ಮ ಒಪ್ಪಿಗೆಯಿಲ್ಲವೆಂದು ಕರಿಯ ಮತದಾರರು ಒಗ್ಗಟ್ಟಾಗಿ ನಿಂತು ಅದನ್ನು ಸೋಲಿಸಿದರು. ಮತ್ತೆ ತಂದಾಗ ಮತ್ತೆ ಸೋಲಿಸಿದರು. ಆ ಮತ ಹಾಕಿದವರು ಗಂಡಸರು, ಕರಿಯ ಸ್ತ್ರೀಯರಿಗೆ ಇನ್ನೂ ಮತವಿರಲಿಲ್ಲ; ಶಾಲೆಗಳ ದುಃಸ್ಥಿತಿಯನ್ನು ಕಣ್ಣಾರೆ ಕಂಡು ಬರೆದಿಟ್ಟವರು ಮಾತ್ರ ಆರು ವರ್ಷ ಹಿಂದೆ ಕೇರಿ ಸುತ್ತಿದ ಆ ಸ್ತ್ರೀಯರು. 1921ರಲ್ಲಿ, ಕರಿಯ ಮಕ್ಕಳಿಗೂ ಶಾಲೆ ಕಟ್ಟಿಸುವ ಮಾತುಕೊಟ್ಟ ಮೇಲೆ ಪ್ರಸ್ತಾವ ಗೆದ್ದಿತು. ಆ ಹಣದಿಂದ ಎದ್ದ ಬುಕರ್ ಟಿ. ವಾಷಿಂಗ್ಟನ್ ಪ್ರೌಢಶಾಲೆ, ಅಟ್ಲಾಂಟಾದಲ್ಲಿ ಕರಿಯ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಮೊತ್ತಮೊದಲ ಸಾರ್ವಜನಿಕ ಪ್ರೌಢಶಾಲೆ, 1924ರಲ್ಲಿ ತೆರೆಯಿತು. ಹೋಪ್ ಅವರು ಇಲ್ಲಿಗೆ ನಿಲ್ಲಲಿಲ್ಲ. 1930ರ ದಶಕದ ಆದಿಯಲ್ಲಿ, ಮತವೆಂದರೇನು, ಸಂವಿಧಾನವೆಂದರೇನು, ನೋಂದಣಿ ಹೇಗೆ ಎಂಬುದನ್ನು ಕಲಿಸುವ ಆರಾರು ವಾರಗಳ ಪೌರಶಿಕ್ಷಣ ತರಗತಿಗಳನ್ನು ಅವರು ಏರ್ಪಡಿಸಿದರು. ಇಂಥವರಿಗೆ ಮತ ಹಾಕಿರೆಂದು ಹೇಳುವ ಮುನ್ನ, ಊರಿನ ಸ್ಥಿತಿ ಹೀಗಿದೆಯೆಂದು ಕಣ್ಣಿಗೆ ಕಟ್ಟುವಂತೆ ತೋರಿಸಿದ ಸಂಘಟನೆಯ ಮಾತಿಗೆ ಬರುವ ತೂಕ ಬೇರೆ ಯಾವ ಪಟ್ಟಿಗೂ ಬಾರದು.

ಕೆರೊಲಿನಾಗಳಲ್ಲಿ ನೆನೆಯಬೇಕಾದವರು ಮೂವರು. ಉತ್ತರ ಕೆರೊಲಿನಾದ ಗೋಲ್ಡ್ಸ್‌ಬರೋ ಪಟ್ಟಣದ ಗರ್ಟ್ರೂಡ್ ವೈಲ್ ಎಂಬಾಕೆ ಆ ರಾಜ್ಯದಲ್ಲಿ ಲೀಗ್ ಆಫ್ ವಿಮೆನ್ ವೋಟರ್ಸ್ ಸಂಸ್ಥೆಯನ್ನು ಆರಂಭಿಸಿದವರು. 1922ರಲ್ಲಿ ತಮ್ಮ ಮತಗಟ್ಟೆಗೆ ಹೋದಾಗ, ಮತದಾರ ಬರುವ ಮುಂಚೆಯೇ ಗುರುತು ಹಾಕಿ ಜೋಡಿಸಿಟ್ಟಿದ್ದ ಮತಪತ್ರಗಳ ಕಟ್ಟು ಅವರ ಕಣ್ಣಿಗೆ ಬಿತ್ತು. ಆಕೆ ಅವುಗಳನ್ನು ಎತ್ತಿಕೊಂಡು ಅಲ್ಲಿಯೇ ಹರಿದುಹಾಕಿದರು. ಗೌರವಸ್ಥ ಮನೆತನದ ಹೆಣ್ಣುಮಗಳೊಬ್ಬಳು ಮತಗಟ್ಟೆಯಲ್ಲಿ ಹೀಗೆ ನಡೆದುಕೊಂಡುದು ಆ ಕಾಲಕ್ಕೆ ದೊಡ್ಡ ಸುದ್ದಿ. ಗುಟ್ಟಿನ ಮತದಾನ ಆಗಿನ್ನೂ ದಕ್ಷಿಣದಲ್ಲಿ ಗಟ್ಟಿಯಾಗಿ ನೆಲೆಯೂರಿರಲಿಲ್ಲ. ದಕ್ಷಿಣ ಕೆರೊಲಿನಾ ಅದನ್ನು ಪೂರ್ಣವಾಗಿ ಒಪ್ಪಿಕೊಂಡುದು 1950ರಲ್ಲಿ. ಆ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿನವರು ಸೆಪ್ಟಿಮಾ ಕ್ಲಾರ್ಕ್. ಕರಿಯರ ಹಕ್ಕಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಸ್ಥೆಯ ಸದಸ್ಯತ್ವವನ್ನು ಬಿಡಲೊಪ್ಪದ ತಪ್ಪಿಗಾಗಿ 1956ರಲ್ಲಿ ಶಿಕ್ಷಕಿಯ ಕೆಲಸ ಕಳೆದುಕೊಂಡ ಅವರು, ಮರುವರ್ಷ ಜಾನ್ಸ್ ದ್ವೀಪದಲ್ಲಿ, ಒಂದು ಅಂಗಡಿಯ ಹಿಂಬದಿಯ ಕೋಣೆಯಲ್ಲಿ ವಯಸ್ಕರ ಶಾಲೆಯೊಂದು ತೆರೆಯಲು ಕಾರಣರಾದರು. ಅಲ್ಲಿ ಕಲಿಸಿದವರು ಬರ್ನೀಸ್ ರಾಬಿನ್ಸನ್ ಎಂಬ ಕೇಶಾಲಂಕಾರದ ವೃತ್ತಿಯ ಸ್ತ್ರೀ. ಅಲ್ಲಿಯ ಪಾಠ ಬಹಳ ಸರಳ: ತಮ್ಮ ಹೆಸರನ್ನು ತಾವೇ ಬರೆಯುವುದು, ಮನಿಯಾರ್ಡರಿನ ಫಾರಂ ತುಂಬುವುದು, ಅಂಚೆಯ ಮೂಲಕ ಸಾಮಾನು ತರಿಸುವ ಚೀಟಿ ತುಂಬುವುದು, ಕಡೆಗೆ, ನೋಂದಣಿಯ ಅಧಿಕಾರಿ ಓದೆಂದು ಮುಂದಿಡುವ ರಾಜ್ಯಸಂವಿಧಾನದ ಪಂಕ್ತಿಗಳನ್ನು ತಡವರಿಸದೆ ಓದುವುದು. ಈ ಮಾದರಿ ದಕ್ಷಿಣದ ರಾಜ್ಯಗಳಲ್ಲೆಲ್ಲ ಹಬ್ಬಿತು. ಶಿಕ್ಷಕಿಯಾಗಿ ಉಳಿಯಗೊಡದ ಅದೇ ಊರಿನ ಶಿಕ್ಷಣ ಮಂಡಲಿಗೆ ಸೆಪ್ಟಿಮಾ ಕ್ಲಾರ್ಕ್ 1970ರ ದಶಕದ ಮಧ್ಯದಲ್ಲಿ ಜನರ ಮತದಿಂದ ಆಯ್ಕೆಯಾಗಿ ಹೋದರು.

ಮೂರನೆಯವರು ಪಾಲಿ ಮರ್ರೆ. ಉತ್ತರ ಕೆರೊಲಿನಾದ ಡರ್ಹ್ಯಾಮಿನಲ್ಲಿ ಬೆಳೆದು, ಕರಿಯರೆಂಬ ಕಾರಣಕ್ಕೆ ತಮ್ಮ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಪ್ರವೇಶ ದೊರೆಯದೆ, ವಾಷಿಂಗ್ಟನ್ನಿನ ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ನ್ಯಾಯಶಾಸ್ತ್ರ ಓದಿ ತರಗತಿಗೆ ಮೊದಲಿಗರಾದವರು. 1966ರ ಜೂನಿನಲ್ಲಿ ವಾಷಿಂಗ್ಟನ್ನಿನ ಹೋಟೆಲೊಂದರಲ್ಲಿ ನಡೆದ ಸಮ್ಮೇಳನದ ಸಂದರ್ಭದಲ್ಲಿ ನ್ಯಾಷನಲ್ ಆರ್ಗನೈಸೇಷನ್ ಫಾರ್ ವಿಮೆನ್ ಹುಟ್ಟಿದಾಗ, ಬೆಟ್ಟಿ ಫ್ರೀಡನ್ ಮೊದಲಾದವರೊಂದಿಗೆ ಅದರ ಸ್ಥಾಪಕರಲ್ಲಿ ಅವರೂ ಒಬ್ಬರು. ಸಂಕ್ಷೇಪವಾಗಿ ‘ನೌ’ ಎಂದು ಕ್ರಮೇಣ ಪ್ರಸಿದ್ಧವಾದ ಈ ಸಂಸ್ಥೆ ಮುಂದೆ ತನ್ನ ರಾಜಕೀಯ ಸಮಿತಿಯ ಮೂಲಕ ಅಭ್ಯರ್ಥಿಗಳಿಗೆ ಬಹಿರಂಗವಾದ ಬೆಂಬಲ ಸಾರುವ ಮಾರ್ಗವನ್ನು ಹಿಡಿಯಿತು. ರಾಷ್ಟ್ರಾಧ್ಯಕ್ಷ ಪದವಿಗೆ ಅದು ಮೊತ್ತಮೊದಲು ಬೆಂಬಲಿಸಿದುದು ವಾಲ್ಟರ್ ಮಾಂಡೇಲ್ ಎಂಬ ಪುರುಷರನ್ನು.

ಲೀಗ್ ಆಫ್ ವಿಮೆನ್ ವೋಟರ್ಸ್ ಹಿಡಿದ ಮಾರ್ಗ ಇದಕ್ಕೆ ವಿಪರೀತ. 1920ರ ಫೆಬ್ರವರಿಯಲ್ಲಿ ಕ್ಯಾರಿ ಚ್ಯಾಪ್ಮನ್ ಕ್ಯಾಟ್ ಅವರ ನೇತೃತ್ವದಲ್ಲಿ ಷಿಕಾಗೋದಲ್ಲಿ ಸ್ಥಾಪಿತವಾದ ಆ ಸಂಸ್ಥೆ ಯಾವ ಅಭ್ಯರ್ಥಿಯನ್ನೂ ಬೆಂಬಲಿಸುವುದಿಲ್ಲ, ಯಾರನ್ನೂ ವಿರೋಧಿಸುವುದಿಲ್ಲ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನಾವಳಿ ಕಳುಹಿಸಿ, ಬಂದ ಉತ್ತರವನ್ನು ಅವರವರ ಮಾತಿನಲ್ಲಿಯೇ ಅಚ್ಚುಮಾಡಿ ಮತದಾರರ ಮುಂದಿಡುತ್ತದೆ; ಉತ್ತರ ಬಾರದಿದ್ದರೆ ಬರಲಿಲ್ಲವೆಂದು ಬರೆಯುತ್ತದೆ. ಆದರೆ ಶಾಸನದ ಪ್ರಸ್ತಾವಗಳ ಮೇಲೆ, ಅಧ್ಯಯನ ಮಾಡಿ, ತನ್ನ ನಿಲುವನ್ನು ನಿಸ್ಸಂದಿಗ್ಧವಾಗಿ ಹೇಳುತ್ತದೆ. ಈ ವ್ಯತ್ಯಾಸಕ್ಕೆ ತತ್ತ್ವದಂತೆ ಕಾನೂನೂ ಕಾರಣ. ತೆರಿಗೆ ವಿನಾಯಿತಿ ಪಡೆದ ಧರ್ಮಾರ್ಥ ಸಂಸ್ಥೆಗಳು ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ಪ್ರಚಾರ ಮಾಡಕೂಡದೆಂದು ತೆರಿಗೆ ಕಾನೂನಿನ 1954ರ ತಿದ್ದುಪಡಿಯೊಂದು ವಿಧಿಸಿತು. ಹಾಗೆ ಮಾಡಬಯಸುವವರು ಪ್ರತ್ಯೇಕವಾದ ರಾಜಕೀಯ ಸಮಿತಿ ರಚಿಸಿಕೊಂಡು, ಹಣದ ಲೆಕ್ಕ ಒಪ್ಪಿಸಬೇಕು. ಧರ್ಮಾರ್ಥ ಸಂಸ್ಥೆಯಾಗಿ ನೋಂದಾಯಿಸಿಕೊಂಡ ಕನ್ನಡ ಕೂಟಗಳಿಗೂ ಈ ನಿಯಮ ಅನ್ವಯಿಸುವುದರಿಂದ, ರಾಜ್ಯೋತ್ಸವದ ವೇದಿಕೆಗೆ ಕೌಂಟಿಯ ಅಭ್ಯರ್ಥಿಯೊಬ್ಬರನ್ನು ಕರೆದು ಶಾಲು ಹೊದಿಸುವ ಮುನ್ನ ಪದಾಧಿಕಾರಿಗಳು ಇದನ್ನು ತಿಳಿದಿರುವುದು ಕ್ಷೇಮ.

ಮತಗಟ್ಟೆಯ ಬಾಗಿಲಲ್ಲಿಯೂ ಪ್ರಚಾರಕ್ಕೆ ಒಂದು ಎಲ್ಲೆಯಿದೆ. ವರ್ಜೀನಿಯಾದಲ್ಲಿ ಬಾಗಿಲಿನಿಂದ 40 ಅಡಿ, ವಾಷಿಂಗ್ಟನ್ನಿನಲ್ಲಿ 50 ಅಡಿ, ಜಾರ್ಜಿಯಾದಲ್ಲಿ ಕಟ್ಟಡದಿಂದ 150 ಅಡಿ. ಅದರ ಆಚೆಗೆ ನಿಂತ ಸ್ವಯಂಸೇವಕಿ, ತನ್ನ ಸಂಘಟನೆ ಮೆಚ್ಚಿದ ಹೆಸರುಗಳಿಗೆ ಗುರುತು ಹಾಕಿದ ಮಾದರಿ ಪತ್ರವನ್ನು ಬರುವವರ ಕೈಗಿಡಬಹುದು. ಗೆರೆ ದಾಟಿ ಒಂದು ಹೆಜ್ಜೆ ಇಟ್ಟರೆ ಅಪರಾಧ. ಅಲ್ಲಿಂದ ಮುಂದೆ ಮತದಾರ ಒಬ್ಬನೇ, ಅಥವಾ ಒಬ್ಬಳೇ. ಗರ್ಟ್ರೂಡ್ ವೈಲ್ ಹರಿದ ಕಾಗದಕ್ಕೂ ಈ ಕಾಗದಕ್ಕೂ ಇರುವ ಅಂತರವೆಲ್ಲ ಆ ಗೆರೆಯಲ್ಲಿದೆ: ಅದು ಬೇರೆಯವರು ಗುರುತು ಹಾಕಿಟ್ಟ ಮತವೇ ಆಗಿತ್ತು, ಇದು ಮತದಾರಳು ಓದಿ, ಒಪ್ಪದಿದ್ದರೆ ಮಡಿಚಿ ಚೀಲದಲ್ಲಿಟ್ಟು, ತನ್ನ ಮನಸ್ಸಿಗೆ ಬಂದವರಿಗೆ ಮತ ಹಾಕಬಹುದಾದ ಸಲಹೆ.

ಇಷ್ಟಾದರೂ ಒಂದು ಆಕ್ಷೇಪಣೆ ಉಳಿಯುತ್ತದೆ, ಅದನ್ನು ಲಘುವಾಗಿ ತಳ್ಳಿಹಾಕಲಾಗದು. ಮನೆಯ ಯಜಮಾನ ಹೇಳಿದವರಿಗೆ, ಜಾತಿಯ ಹಿರಿಯರು ತೋರಿಸಿದ ಚಿಹ್ನೆಗೆ ಮತ ಹಾಕುವ ರೂಢಿಯಿಂದ ಹೆಣ್ಣು ಬಿಡಿಸಿಕೊಂಡಳು ಎನ್ನುವಷ್ಟರಲ್ಲಿ, ಆ ಸ್ಥಾನದಲ್ಲಿ ಒಂದು ಸಂಘಟನೆ ಬಂದು ಕುಳಿತಂತಾಗಲಿಲ್ಲವೆ? ಪಟ್ಟಿಯಲ್ಲಿ ಹೆಸರು ಮಾತ್ರವಿದ್ದು ಕಾರಣವಿಲ್ಲದಿದ್ದರೆ ಆಕ್ಷೇಪಣೆ ಸತ್ಯವೇ ಸರಿ. ಅಂಥ ಪಟ್ಟಿಯನ್ನು ಯಾವ ಸಂಘಟನೆ ಹಂಚಿದರೂ, ಅದು ಸ್ತ್ರೀಸಂಘಟನೆಯೇ ಆದರೂ, ನಾನು ಗೌರವಿಸಲಾರೆ. ಇಂಥ ಮಸೂದೆಗೆ ಇಂಥವರು ಹೀಗೆ ಮತ ಹಾಕಿದರು, ನಮ್ಮ ಪ್ರಶ್ನೆಗೆ ಹೀಗೆ ಉತ್ತರಿಸಿದರು, ಆದ್ದರಿಂದ ಇವರು, ಅವರಲ್ಲ ಎಂದು ಬಿಡಿಸಿ ಹೇಳಿದ ಪಟ್ಟಿಯಾದರೆ, ಅದನ್ನು ಓದಿದವಳು ಆ ಕಾರಣಗಳನ್ನೇ ಅಳತೆಗೋಲಾಗಿ ಹಿಡಿದು ಬೇರೊಂದು ತೀರ್ಮಾನಕ್ಕೂ ಬರಬಲ್ಲಳು. ಅಂಥ ಬರವಣಿಗೆ ಚುನಾವಣೆಯನ್ನೇ ತಿರುಗಿಸಿದ್ದೂ ಉಂಟು. 1990ರಲ್ಲಿ ವಾಷಿಂಗ್ಟನ್ನಿನ ಮೇಯರ್ ಪದವಿಗೆ ನಿಂತ ಷ್ಯಾರನ್ ಪ್ರ್ಯಾಟ್ ಡಿಕ್ಸನ್, ಆಡಳಿತದ ಕೊಳೆಯನ್ನು ಎತ್ತಿಹಾಕಲು ಸಲಿಕೆಯೇ ಬೇಕೆಂದು ಹೇಳುತ್ತ ಊರೆಲ್ಲ ಸುತ್ತಿದರೂ ಹಿಂದೆಯೇ ಉಳಿದಿದ್ದರು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಅವರ ಪರವಾಗಿ ಬರೆದ ಮೇಲೆ ಮುನ್ನುಗ್ಗಿ ಗೆದ್ದು, ಆ ನಗರದ ಮೊದಲ ಸ್ತ್ರೀ ಮೇಯರಾದರು. ಪತ್ರಿಕೆಗಳು ಈ ಹೊಣೆಯಿಂದ ಈಚೆಗೆ ಹಿಂಜರಿಯುತ್ತಿವೆ. ಅಟ್ಲಾಂಟಾ ಜರ್ನಲ್-ಕಾನ್‌ಸ್ಟಿಟ್ಯೂಷನ್ 2009ರಲ್ಲಿಯೂ, ರಾಷ್ಟ್ರಾಧ್ಯಕ್ಷರ ಚುನಾವಣೆಯ ಮಟ್ಟಿಗೆ ಪೋಸ್ಟ್ 2024ರಲ್ಲಿಯೂ ಶಿಫಾರಸನ್ನು ನಿಲ್ಲಿಸಿದವು. ತೆರವಾದ ಈ ಸ್ಥಾನದಲ್ಲಿ ಸಂಘಟನೆಗಳ ಪಟ್ಟಿಗೆ ಬೆಲೆ ಹೆಚ್ಚಿದೆ, ಅದರೊಂದಿಗೆ ಹೊಣೆಯೂ.

ಸಂಘಟನೆಗಳು ಅಭ್ಯರ್ಥಿಗಳನ್ನು ಬೆಂಬಲಿಸುವ ಈ ಪದ್ಧತಿ ನಮ್ಮವರಿಗೆ ಹೊಸತೆಂದೂ ಹೇಳುವಂತಿಲ್ಲ. 1926ರಲ್ಲಿ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರು ಮದರಾಸು ಶಾಸನ ಪರಿಷತ್ತಿಗೆ ನಿಂತು ಸ್ವಲ್ಪದರಲ್ಲಿ ಸೋತಾಗ, ಅವರನ್ನು ನಿಲ್ಲುವಂತೆ ಒತ್ತಾಯಿಸಿ ಬೆಂಬಲಿಸಿದವರು, 1917ರಲ್ಲಿ ಅಡ್ಯಾರಿನಲ್ಲಿ ಹುಟ್ಟಿದ ಭಾರತೀಯ ಸ್ತ್ರೀಸಂಘದ ಸ್ಥಾಪಕರಲ್ಲೊಬ್ಬರಾದ ಮಾರ್ಗರೆಟ್ ಕಸಿನ್ಸ್. 2013ರಲ್ಲಿ ಕಿರಣ್ ಮಜುಂದಾರ್ ಷಾ ಮೊದಲಾದವರು ಕಟ್ಟಿದ ಬಿ.ಪ್ಯಾಕ್ ಸಂಸ್ಥೆ, ಪಕ್ಷಭೇದವಿಲ್ಲದೆ ಬೆಂಗಳೂರಿನ ಅಭ್ಯರ್ಥಿಗಳನ್ನು ಪರೀಕ್ಷಿಸಿ ಕೆಲವರ ಹೆಸರನ್ನು ಬಹಿರಂಗವಾಗಿ ಶಿಫಾರಸು ಮಾಡಿತು.

ಅಮೆರಿಕದ ಈ ಪ್ರದೇಶದಲ್ಲಿರುವ ಕನ್ನಡ ಸ್ತ್ರೀಯರ ಸ್ಥಿತಿ ಎರಡು ತೆರನಾಗಿದೆ. ಪೌರತ್ವ ಪಡೆದವರು ಈ ಪ್ರದೇಶದ ಊರುಗಳಾದ ಅಲ್ಫರೆಟ್ಟಾದಲ್ಲಾಗಲಿ ಕ್ಯಾರಿಯಲ್ಲಾಗಲಿ ಆ್ಯಷ್‌ಬರ್ನಿನಲ್ಲಾಗಲಿ ಎಲ್ಲ ಚುನಾವಣೆಗಳಲ್ಲಿಯೂ ಮತ ಹಾಕಬಹುದು. ವೀಸಾದಲ್ಲಿಯೋ ಹಸಿರು ಕಾರ್ಡಿನಲ್ಲಿಯೋ ಇರುವವರು, ತೆರಿಗೆ ಕೊಟ್ಟು ಮಕ್ಕಳನ್ನು ಅಲ್ಲಿಯೇ ಶಾಲೆಗೆ ಕಳುಹಿಸುತ್ತಿದ್ದರೂ, ಮತಾಧಿಕಾರವಿಲ್ಲದೆ ಹಲವು ವರ್ಷ ಕಾಯಬೇಕು. ರಾಷ್ಟ್ರೀಯ ಚುನಾವಣೆಯಲ್ಲಿ ಅವರು ಮತ ಹಾಕಿದರೆ 1996ರ ಶಾಸನದಂತೆ ದಂಡನೀಯ ಅಪರಾಧ. ಆದರೆ ವಾಷಿಂಗ್ಟನ್ನಿಗೆ ಹೊಂದಿಕೊಂಡಿರುವ ಮೇರಿಲ್ಯಾಂಡಿನ ಟಕೋಮಾ ಪಾರ್ಕ್ ಎಂಬ ಪುಟ್ಟ ನಗರ 1992ರಿಂದ ಪೌರರಲ್ಲದ ನಿವಾಸಿಗಳಿಗೂ ತನ್ನ ನಗರದ ಚುನಾವಣೆಯಲ್ಲಿ ಮತ ಕೊಟ್ಟಿದೆ. 2013ರಲ್ಲಿ ಹದಿನಾರು ವರ್ಷದವರಿಗೂ ಕೊಟ್ಟಿತು. ವಾಷಿಂಗ್ಟನ್ನಿನ ಕೌನ್ಸಿಲೂ 2022ರಲ್ಲಿ, ಸ್ಥಳೀಯ ಚುನಾವಣೆಗಳ ಮಟ್ಟಿಗೆ, ಅಂಥದೇ ಶಾಸನ ಮಾಡಿತು. ಅದನ್ನು ರದ್ದುಗೊಳಿಸುವ ಯತ್ನಗಳು ಕಾಂಗ್ರೆಸ್ಸಿನಲ್ಲಿ ನಡೆಯುತ್ತಲೇ ಬಂದಿವೆ. ಗಂಡನ ಉದ್ಯೋಗದ ವೀಸಾಕ್ಕೆ ಅವಲಂಬಿತಳಾಗಿ ಹೋಗಿ, ತನಗೆ ಉದ್ಯೋಗಕ್ಕೂ ಅನುಮತಿ ದೊರೆಯದೆ ಕುಳಿತ ವಿದ್ಯಾವಂತ ಹೆಣ್ಣುಮಗಳಿಗೆ, ಅಂಥ ಊರಿನ ಮತಪತ್ರ ಆ ದೇಶ ಅವಳನ್ನು ವ್ಯಕ್ತಿಯೆಂದು ಎಣಿಸಿ ಕೈಗಿತ್ತ ಮೊದಲ ಕಾಗದವಾಗಬಹುದು. ಅವಳ ಬಳಿಗೆ ಆ ಊರಿನ ಸ್ತ್ರೀಸಂಘಟನೆಗಳು ಹೋಗಬೇಕು, ಅವಳ ಪ್ರಶ್ನೆಯೂ ಪ್ರಶ್ನಾವಳಿಯಲ್ಲಿ ಸೇರಬೇಕು ಎಂದು ನಾನು ಬಯಸುತ್ತೇನೆ.

ಶಿಫಾರಸಿನ ರೂಪವೂ ಈಗ ಬದಲಾಗಬೇಕಾಗಿದೆ. 2024ರ ನವೆಂಬರಿನಲ್ಲಿ ವಾಷಿಂಗ್ಟನ್ನಿನ ಮತದಾರರು ಶೇಕಡಾ 73ರಷ್ಟು ಬಹುಮತದಿಂದ ಶ್ರೇಣಿಮತದಾನವನ್ನು ಅಂಗೀಕರಿಸಿದರು. ಟಕೋಮಾ ಪಾರ್ಕಿನಲ್ಲಿ ಮುಂಚಿನಿಂದಲೂ ಇರುವ ಈ ಪದ್ಧತಿಯಲ್ಲಿ ಮತದಾರ ಒಬ್ಬರ ಹೆಸರಿಗೆ ಗುರುತು ಹಾಕಿ ಸುಮ್ಮನಾಗದೆ, ಮೊದಲ ಆಯ್ಕೆ ಯಾರು, ಎರಡನೆಯದು ಯಾರು ಎಂದು, ವಾಷಿಂಗ್ಟನ್ನಿನಲ್ಲಾದರೆ ಐದರವರೆಗೆ, ಕ್ರಮವಾಗಿ ನಮೂದಿಸಬಹುದು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮೊದಲ ಆಯ್ಕೆಗಳು ಬಾರದಿದ್ದರೆ, ಎಲ್ಲರಿಗಿಂತ ಕಡಮೆ ಪಡೆದವರನ್ನು ಬಿಟ್ಟು, ಅವರಿಗೆ ಬಿದ್ದ ಮತಗಳನ್ನು ಎರಡನೆಯ ಆಯ್ಕೆಯವರಿಗೆ ಹಂಚಿ, ಒಬ್ಬರು ಅರ್ಧವನ್ನು ದಾಟುವವರೆಗೆ ಮತ್ತೆ ಎಣಿಸುತ್ತಾರೆ. ಆದಕಾರಣ ಒಂದೇ ಹೆಸರನ್ನು ಹೇಳಿ ಕೈತೊಳೆದುಕೊಳ್ಳುವ ಪಟ್ಟಿ ಇನ್ನು ಸಾಲದು. ವೇತನಸಹಿತ ರಜೆಗೆ ಕೈಯೆತ್ತಿದರೂ ಶಿಶುವಿಹಾರದ ಹಣಕ್ಕೆ ಹಿಂದೆಗೆದವರನ್ನು ಎರಡನೆಯ ಸ್ಥಾನದಲ್ಲಿಡಬೇಕೋ ಮೂರನೆಯದರಲ್ಲೋ, ಯಾರ ಹೆಸರನ್ನು ಬರೆಯದೆಯೇ ಬಿಡಬೇಕು ಎಂಬುದನ್ನೆಲ್ಲ ಸಂಘಟನೆಗಳು ತಮ್ಮೊಳಗೆ ಚರ್ಚಿಸಿ, ಪ್ರತಿಯೊಂದು ಸ್ಥಾನಕ್ಕೂ ಕಾರಣ ಬರೆದು, ಮತದಾರರ ಮುಂದಿಡಬೇಕಾಗಿದೆ.